ಪ್ರತಿ ಕಂಬಕ್ಕೆ ಆರು ಮಾರು

ತನ್ನ ಕೆಲಸ ಸರಿಯಿಲ್ಲ ಎಂದು ಯಾರಾದರೂ ಹೇಳಿದರೆ ದೀಪಕ್ ಸಾಮಾನ್ಯವಾಗಿ ಒಪ್ಪಿಕೊಂಡುಬಿಡುತ್ತಿದ್ದ. ವಾದಕ್ಕೆ ನಿಲ್ಲುವುದಕ್ಕಿಂತ ಅದರಲ್ಲಿ ಸಮಯ ಉಳಿಯುತ್ತಿತ್ತು. ಹತ್ತರಲ್ಲಿ ಏಳು ಸಲ ಹೇಳಿದವರ ಮಾತು ನಿಜವೂ ಆಗಿರುತ್ತಿತ್ತು. ಆದ್ದರಿಂದ ಆ ಶುಕ್ರವಾರ ಬೆಳಿಗ್ಗೆ ಬೆಳ್ಳೆಕಡವು ಸೇತುವೆಯ ಸೈಟ್ ಆಫೀಸಿನಲ್ಲಿ ಎಂಜಿನಿಯರ್ ಸುಂದರೇಶ ಒಂದು ಹಾಳೆಯನ್ನು ಅವನತ್ತ ತಳ್ಳಿ, "ಇಲ್ಲೊಂದು ಸಹಿ ಹಾಕು ಮಾರಾಯ" ಎಂದಾಗ ಅವನ ಕೈ ತಾನಾಗಿಯೇ ಪೆನ್ನಿನ ಕಡೆ ಹೋಗಿತ್ತು. ಓದಿದ ಮೇಲೆ ವಾಪಸು ಬಂತು.

ಹಾಳೆಯಲ್ಲಿದ್ದದ್ದು ಇಷ್ಟೆ. ಸೇತುವೆಯ ಇನ್ನೂರ ಅರವತ್ತೆಂಟನೇ ಮೀಟರಿನಲ್ಲಿ ಯಂತ್ರ ತೋರಿಸುತ್ತಿರುವುದು ಬಿರುಕಲ್ಲ, ಕಳಪೆ ಜಾಯಿಂಟು. ಜಾಯಿಂಟ್ ಹಾಕಿದವರು ದೀಪಕ್ ಜಿ. ಅವರು. ಸದರಿಯವರು ಇದನ್ನು ಒಪ್ಪಿರುತ್ತಾರೆ. ಅವನ ಹೆಸರಿನ ಪಕ್ಕ 'ಅವರು' ಎಂದು ಅಚ್ಚಾಗಿದ್ದು ಬದುಕಿನಲ್ಲಿ ಅದೇ ಮೊದಲು.

ಬೆಳ್ಳೆಕಡವು ಸೇತುವೆ ಹಿನ್ನೀರಿನ ಮೇಲೆ ನಾನೂರ ಎಂಬತ್ತು ಮೀಟರ್ ಉದ್ದ. ನಲವತ್ತು ಮೀಟರಿಗೊಂದು ಕಂಬ, ಕಂಬದಿಂದ ಕಂಬಕ್ಕೆ ಒಂದು ಅಂಕಣ, ಒಟ್ಟು ಹನ್ನೆರಡು ಅಂಕಣ. ಮೇಲೆ ರಸ್ತೆ. ರಸ್ತೆಯ ಕೆಳಗೆ ಪೊಳ್ಳು, ಮನುಷ್ಯ ತಲೆ ಬಗ್ಗಿಸಿ ನಡೆಯುವಷ್ಟು ಜಾಗ. ಆ ಪೊಳ್ಳು ಹೊಟ್ಟೆಯ ತಳಕ್ಕೆ ಉದ್ದಕ್ಕೂ ಒಂದು ಗಾಜಿನೆಳೆ ಅಂಟಿಸಿದ್ದಾರೆ, ಮನೆಮನೆಗೆ ಇಂಟರ್ನೆಟ್ ತರುವ ಫೈಬರಿನ ದಾಯಾದಿ. ಸಾಗರ ಪಟ್ಟಣದ ಕಡೆಯ ದಡದ ಕ್ಯಾಬಿನ್ನಿನಲ್ಲಿರುವ ಯಂತ್ರ ಅದರೊಳಗೆ ಬೆಳಕು ಬಿಡುತ್ತದೆ. ಕಾಂಕ್ರೀಟು ಎಲ್ಲಾದರೂ ಬಿರಿದರೆ ಅಲ್ಲಿ ಅಂಟಿದ ಎಳೆಯೂ ಹಿಗ್ಗುತ್ತದೆ. ಹಿಗ್ಗಿದ ಜಾಗದಿಂದ ವಾಪಸು ಬರುವ ಬೆಳಕಿನ ನಡೆ ಬೇರೆ. ಅದನ್ನು ಹಿಡಿದು ಯಂತ್ರ ಪರದೆಯ ಮೇಲೆ ಒಂದು ಮೊನೆ ಎಬ್ಬಿಸಿ, ಎಷ್ಟನೇ ಮೀಟರ್ ಎಂದು ಹೇಳುತ್ತದೆ. ಎಳೆಯನ್ನು ಒಂದೇ ಉದ್ದಕ್ಕೆ ಅಂಟಿಸಲಾಗದೆ ಅಂಕಣಕ್ಕೊಂದು ತುಂಡು ಮಾಡಿದ್ದರು. ಪ್ರತಿ ಕಂಬದ ಮೇಲೆ ಎರಡು ತುದಿಗಳನ್ನು ಬೆಸೆದು ಪೆಟ್ಟಿಗೆಯಲ್ಲಿಟ್ಟವನು ದೀಪಕ್. ಹನ್ನೊಂದು ಪೆಟ್ಟಿಗೆ, ಹನ್ನೊಂದು ಜಾಯಿಂಟು.

ಮೂರು ವಾರದ ಹಿಂದೆ ಇನ್ನೂರ ಅರವತ್ತೆಂಟರಲ್ಲಿ ಮೊನೆ ಎದ್ದಿತ್ತು. ಅಂದರೆ ಏಳನೇ ಅಂಕಣ. ಟಾರ್ಚು ಹಿಡಿದು ಒಳಗೆ ನೋಡಿದರು, ದೋಣಿಯಲ್ಲಿ ಹೋಗಿ ಕೆಳಗಿನಿಂದ ನೋಡಿದರು, ಸುತ್ತಿಗೆಯಿಂದ ಬಡಿದು ಕೇಳಿದರು. ಒಂದು ಗೀರೂ ಇಲ್ಲ. ಇತ್ತ ಸೋಮವಾರದಿಂದ ಸೇತುವೆಯ ಮೇಲೆ ಜಲ್ಲಿ ಲಾರಿಗಳನ್ನು ಬಿಡುವುದೆಂದು ತೀರ್ಮಾನವಾಗಿತ್ತು. ಇದುವರೆಗೆ ಓಡಿದ್ದು ಬಸ್ಸು, ಕಾರು, ಬೈಕು ಮಾತ್ರ. ಬಿರುಕಿಲ್ಲವೆಂದಾದರೆ ಮೊನೆಗೆ ಬೇರೆ ಯಾರಾದರೂ ಕಾರಣವಾಗಬೇಕಿತ್ತು.

"ಸಾರ್, ಇನ್ನೂರ ಅರವತ್ತೆಂಟ್ರಲ್ಲಿ ಜಾಯಿಂಟೇ ಇಲ್ವಲ್ಲ" ಎಂದ ದೀಪಕ್. "ಇರೋದು ಇನ್ನೂರ ನಲವತ್ತರಲ್ಲಿ, ಅದು ಬಿಟ್ರೆ ಇನ್ನೂರ ಎಂಬತ್ತರಲ್ಲಿ."

"ನೀನು ಎಲ್ಲೆಲ್ಲಿ ಎಂತೆಂತ ಹಾಕಿದ್ಯೋ ಯಾರಿಗೊತ್ತು? ರಿಪ್ಪನ್‌ಪೇಟೆ ಕತೆ ನಾನೂ ಕೇಳಿದೀನಿ ಮಾರಾಯ."

ರಿಪ್ಪನ್‌ಪೇಟೆ ಕತೆ ಕೇಳದವರು ಆ ಸುತ್ತಿನಲ್ಲಿ ಕಡಿಮೆ. ಐಟಿಐ ಅನ್ನು ಎರಡನೇ ಪ್ರಯತ್ನದಲ್ಲಿ ಮುಗಿಸಿದ ದೀಪಕ್ ಅಲ್ಲಿ ಸುನಿಲಣ್ಣನ ಕೇಬಲ್ ಕೆಲಸಕ್ಕೆ ಸೇರಿದ್ದ. ಮೊದಲನೇ ದಿನ ಹಲಸಿನ ಮರ ಹತ್ತಿ, ಕೇಬಲ್ ಎಳೆಯುವ ಬದಲು ಚಗಳಿ ಇರುವೆಯಿಂದ ಕಚ್ಚಿಸಿಕೊಂಡು ಇಳಿದ. ಕ್ರಿಕೆಟ್ ವಿಶ್ವಕಪ್ಪಿನ ಫೈನಲ್ ದಿನ ಸತ್ತ ಎಳೆ ಎಂದುಕೊಂಡು ಬದುಕಿದ್ದ ಎಳೆಯನ್ನು ಕತ್ತರಿಸಿ, ಅರ್ಧ ಪೇಟೆಯ ಟೀವಿ ಆರಿಸಿದ. ಕೊನೆಗೆ ಭಾರತ ಸೋತದ್ದರಿಂದ ಅವನನ್ನು ಕ್ಷಮಿಸಲಾಯಿತು. ಇಷ್ಟೆಲ್ಲದರ ನಡುವೆ ಒಂದು ಕೆಲಸ ಮಾತ್ರ ಅವನ ಕೈಗೆ ಹತ್ತಿತು: ಜಾಯಿಂಟ್. ಕೂದಲಿನಷ್ಟು ತೆಳ್ಳಗಿನ ಎರಡು ಗಾಜಿನ ತುದಿಗಳನ್ನು ಒರೆಸಿ, ನೇರವಾಗಿ ಕತ್ತರಿಸಿ, ಮಿಷನ್ನಿನಲ್ಲಿ ಎದುರುಬದುರು ಇಟ್ಟು ಬೆಸೆದರೆ, ಬೆಸೆದದ್ದೆಲ್ಲಿ ಎಂದು ಬೆಳಕಿಗೂ ಗೊತ್ತಾಗುತ್ತಿರಲಿಲ್ಲ. ಸುನಿಲಣ್ಣ ಬೈಯುವಾಗಲೂ, "ಕೈ ಮಾತ್ರ ದೇವರು ಕೊಟ್ಟಿದಾನೆ ನಿಂಗೆ. ತಲೆ ಕೊಡೋವಾಗ ಕರೆಂಟ್ ಹೋಗಿತ್ತು ಕಾಣತ್ತೆ" ಎನ್ನುತ್ತಿದ್ದ.

ತನ್ನಲ್ಲಿ ಹೆಮ್ಮೆಪಡುವಂಥದ್ದು ಇರುವುದು ಅದೊಂದೇ ಎಂದು ದೀಪಕ್‌ಗೂ ಗೊತ್ತಿತ್ತು. ಈ ಹಾಳೆ ಕೇಳುತ್ತಿದ್ದದ್ದು ಅದನ್ನೇ.

ಸುಂದರೇಶ ಕೆಟ್ಟವರಲ್ಲ. ತೀರ್ಥಹಳ್ಳಿ ಕಡೆಯ ಮೇಷ್ಟರ ಮನೆಯವರು. ಏಕವಚನದಲ್ಲಿ ಮಾತಾಡಿದರೂ ಕುರ್ಚಿ ತೋರಿಸಿ ಕೂರಿಸುವವರು. "ನೋಡು, ಇದ್ರಿಂದ ನಿನ್ನ ಕೆಲಸಕ್ಕೆ ಎಂತದೂ ಆಗಲ್ಲ" ಎಂದರು. "ಜಾಯಿಂಟ್ ಸರಿ ಇಲ್ಲ ಅಂತ ಬರೀತೀವಿ, ಆ ಜಾಗ ಬಿಟ್ಟು ಓದು ಅಂತ ಮಿಷನ್ನಿಗೆ ಹೇಳ್ತೀವಿ. ಮಳೆಗಾಲ ಮುಗಿದ್ಮೇಲೆ ನೀನೇ ಹೊಸ ಜಾಯಿಂಟ್ ಹಾಕು."

"ಅಲ್ಲಿ ಬಿರುಕಿದ್ರೆ?"

"ಎಲ್ಲಿದೆ ತೋರ್ಸು."

ದೀಪಕ್ ಪೆನ್ನನ್ನು ಅವರ ಕಡೆಗೇ ಉರುಳಿಸಿದ. "ಬೇರೆ ಯಾವ ತಪ್ಪಿಗೆ ಬೇಕಾದ್ರೂ ಹಾಕ್ತೀನಿ ಸಾರ್. ಇದಕ್ಕೆ ಹಾಕಲ್ಲ" ಎಂದುಬಿಟ್ಟ. ಹೇಳಿದ ಮೇಲೆ ಯಾರು ಹೇಳಿದ್ದು ಎಂಬಂತೆ ಅವನೇ ಒಂದು ಸಲ ಹಿಂದೆ ತಿರುಗಿ ನೋಡಿದ.

"ಸೋಮವಾರ ಬೆಳಿಗ್ಗೆ ತನಕ ಟೈಮಿದೆ" ಎಂದರು ಸುಂದರೇಶ, ಹಾಳೆಯನ್ನು ಮಡಚದೆ ಅವನ ಮುಂದೆಯೇ ಬಿಟ್ಟು. "ಸಹಿ ಇಲ್ಲಾಂದ್ರೆ ನೀನೂ ಬರೋದು ಬೇಡ."

ಕ್ಯಾಬಿನ್ನಿನಲ್ಲಿ ಯಂತ್ರದ ಮುಂದೆ ಲಿಖಿತಾ ಕೂತಿದ್ದಳು. ಸಾಗರದಲ್ಲಿ ಡಿಪ್ಲೊಮಾ ಮಾಡಿ ಬಂದವಳು. ಪರದೆಯ ಮೇಲಿನ ಮೊನೆಗಳನ್ನು ಓದುವುದು ಅವಳ ಕೆಲಸ. ದೀಪಕ್ ಒಳಗೆ ಬಂದು ಹಾಳೆಯನ್ನು ಮೇಜಿನ ಮೇಲೆ ಎಸೆದ.

"ಹಾಕಲ್ಲ ಅಂತ ಹೇಳ್ದ್ಯಂತೆ? ನೀನೇನಾ?" ಎಂದಳು.

"ಬಾಯಿ ಜಾರ್ತು."

"ಈಗ ಎಂತ ಮಾಡ್ತೀಯ?"

"ಗೊತ್ತಿಲ್ಲ. ಬಾಯಿ ಜಾರೋವಾಗ ಅಲ್ಲೀ ತನಕ ಯೋಚನೆ ಮಾಡಿರ್ಲಿಲ್ಲ."

ಲಿಖಿತಾ ನಗಲಿಲ್ಲ. ಅವಳ ತಲೆಯಲ್ಲಿ ಬೇರೆ ಏನೋ ಓಡುತ್ತಿತ್ತು. ಯಂತ್ರದ ಪರದೆಯನ್ನು ಬಲತುದಿಗೆ ಸರಿಸಿ, ಗೆರೆ ಮುಗಿಯುವ ಜಾಗಕ್ಕೆ ಬೆರಳಿಟ್ಟಳು. "ಒಂದು ಮಾತು ಕೇಳ್ತೀನಿ. ಸೇತುವೆ ನಾನೂರ ಎಂಬತ್ತು ಮೀಟರ್. ಎಳೆ ಮುಗಿಯೋದು ಐನೂರ ತೊಂಬತ್ತೆರಡರಲ್ಲಿ. ಉಳಿದ ನೂರ ಹನ್ನೆರಡು ಮೀಟರ್ ಎಲ್ಲಿದೆ?"

"ಆಚೆ ದಡದಲ್ಲಿ ಸುತ್ತಿಟ್ಟಿರ್ತಾರೆ."

"ಫೈಲಲ್ಲೂ ಹಾಗೇ ಬರ್ಕೊಂಡಿದಾರೆ. ವಾಚ್‌ಮನ್ ಕೆರಿಯಣ್ಣಂಗೆ ಫೋನ್ ಮಾಡಿ ನೋಡಕ್ಕೆ ಹೇಳ್ದೆ. ಆಚೆ ದಡದ ಪೆಟ್ಟಿಗೆಯಲ್ಲಿ ಒಂದು ಮೊಳಾನೂ ಇಲ್ವಂತೆ."

ದೀಪಕ್ ತನ್ನ ಎರಡು ಕೈಗಳನ್ನೂ ನೋಡಿಕೊಂಡ.

ಕೇಬಲ್ ಕೆಲಸದವರಿಗೆ ಆ ಕಡೆ ಒಂದು ಪದ್ಧತಿಯಿದೆ. ಮಳೆಗಾಲದಲ್ಲಿ ಗಾಳಿಗೆ ಕೊಂಬೆ ಬೀಳುತ್ತದೆ, ಕೇಬಲ್ ಹರಿಯುತ್ತದೆ. ಹರಿದ ಮೇಲೆ ಮತ್ತೆ ಬೆಸೆಯಲು ಎರಡು ತುದಿ ಸಿಗಬೇಕಲ್ಲ? ಅದಕ್ಕೇ ಜಾಯಿಂಟ್ ಹಾಕುವಾಗಲೆಲ್ಲ ಒಂದಿಷ್ಟು ಎಳೆಯನ್ನು ಹೆಚ್ಚಾಗಿ ಸುತ್ತಿ ಒಳಗಿಡುತ್ತಾರೆ. ಸುನಿಲಣ್ಣ ಅದನ್ನು ಮಳೆಗಾಲದ ಪಾಲು ಎನ್ನುತ್ತಿದ್ದ. ಪಾಲು ಇಡದೆ ಬಂದರೆ ಸಂಜೆ ಬೈಗುಳ. ಅಳತೆಗೆ ಟೇಪು ಯಾರ ಹತ್ತಿರವೂ ಇರಲಿಲ್ಲ. ಎರಡು ಕೈ ಚಾಚಿದರೆ ಒಂದು ಮಾರು, ಹಾಗೆ ಆರು ಮಾರು. ನಾಲ್ಕು ವರ್ಷ ಅದನ್ನೇ ಮಾಡಿದ ಕೈಗಳು ಸೇತುವೆಯ ಹೊಟ್ಟೆಯೊಳಗೂ, ಮರವಿಲ್ಲದ, ಗಾಳಿಯಿಲ್ಲದ, ಕೊಂಬೆಯೊಂದು ಬೀಳಲು ಸಾಧ್ಯವೇ ಇಲ್ಲದ ಜಾಗದಲ್ಲೂ, ಪ್ರತಿ ಕಂಬಕ್ಕೆ ಆರು ಮಾರು ಎಳೆದು, ಸುತ್ತಿ, ಪೆಟ್ಟಿಗೆಗೆ ತುರುಕಿದ್ದವು. ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಹೇಳುವಂಥದ್ದು ಎಂದು ಹೊಳೆದಿದ್ದರೆ ತಾನೆ?

"ಎಷ್ಟು ಪೆಟ್ಟಿಗೆ?" ಎಂದಳು ಲಿಖಿತಾ.

"ಹನ್ನೊಂದು."

"ನಿನ್ನ ಒಂದು ಮಾರು ಎಷ್ಟು?"

ಅವನು ಗೋಡೆಗೆ ಒರಗಿ ಕೈ ಚಾಚಿದ. ಅವಳು ಟೇಪು ಹಿಡಿದಳು. ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್. ಆರು ಮಾರಿಗೆ ಹತ್ತು ಮೀಟರಿಗೆ ಸ್ವಲ್ಪ ಮೇಲೆ. ಹನ್ನೊಂದು ಪೆಟ್ಟಿಗೆಗೆ ನೂರ ಹನ್ನೆರಡು.

"ಅಯ್ಯೋ ಪುಣ್ಯಾತ್ಮ!" ಎಂದಳು ಲಿಖಿತಾ. "ಬೆಳಕು ನಿನ್ನ ಸುರುಳಿಯೆಲ್ಲ ಸುತ್ಕೊಂಡು ಬರ್ತಿದೆ. ಮಿಷನ್ ಅದನ್ನೂ ಸೇತುವೆ ಅಂತಲೇ ಎಣಿಸ್ತಿದೆ."

ದಡದಿಂದ ಐದು ಕಂಬ ದಾಟುವಷ್ಟರಲ್ಲಿ ಐದು ಸುರುಳಿ, ಐವತ್ತೊಂದು ಮೀಟರ್. ಇನ್ನೂರ ಅರವತ್ತೆಂಟರಲ್ಲಿ ಅದನ್ನು ಕಳೆದರೆ ಇನ್ನೂರ ಹದಿನೇಳು. ಆರನೇ ಅಂಕಣ, ಐದನೇ ಕಂಬದಿಂದ ಹದಿನೇಳು ಮೀಟರ್ ಆಚೆ. ಮೂರು ವಾರದಿಂದ ಎಲ್ಲರೂ ಹುಡುಕಿದ್ದು ಏಳನೇ ಅಂಕಣದಲ್ಲಿ.

ದೀಪಕ್‌ಗೆ ಎರಡು ವಿಷಯ ಒಟ್ಟಿಗೇ ಅರ್ಥವಾಯಿತು. ಅವನ ಜಾಯಿಂಟಿನಲ್ಲಿ ತಪ್ಪಿಲ್ಲ. ಅದನ್ನು ತೋರಿಸಬೇಕಾದರೆ, ಸಿವಿಲ್ ಎಂಜಿನಿಯರುಗಳ ಇಡೀ ದಂಡನ್ನು ಮೂರು ವಾರ ತಪ್ಪು ಜಾಗದಲ್ಲಿ ಸುತ್ತಿಗೆ ಬಡಿಯಲು ಕಳಿಸಿದವನು ತಾನೇ ಎಂದು ಹೇಳಬೇಕು. ಸುಮ್ಮನೆ ಸಹಿ ಹಾಕಿದರೆ ಒಂದು ಸಣ್ಣ ತಪ್ಪಿನಲ್ಲೇ ಪಾರಾಗಬಹುದಿತ್ತು. ಅವನ ಅವ್ವ ವಿಶಾಲಮ್ಮ ಈಚೆ ದಡದ ಶಾಲೆಯಲ್ಲಿ ಬಿಸಿಯೂಟ ಮಾಡಲು ದಿನಾ ಎಂಟೂವರೆ ಬಸ್ಸಿನಲ್ಲಿ ಇದೇ ಆರನೇ ಅಂಕಣ ದಾಟುತ್ತಿದ್ದಳು. ಸೋಮವಾರದಿಂದ ಆ ಬಸ್ಸಿನ ಹಿಂದೆ ಮುಂದೆ ಜಲ್ಲಿ ಲಾರಿ.

ಶನಿವಾರ ಬೆಳಿಗ್ಗೆ ದೀಪಕ್ ಕಾವಲುಗಾರ ಕೆರಿಯಪ್ಪನಿಂದ ಕಿಂಡಿಯ ಬೀಗದಕೈ ಕೇಳಿದ. ಕೆರಿಯಪ್ಪ ಹಿಂದೆ ಇದೇ ಕಡವಿನಲ್ಲಿ ಜನ, ಗಾಡಿ ದಾಟಿಸುತ್ತಿದ್ದ ಲಾಂಚಿನ ಹಗ್ಗ ಕಟ್ಟುತ್ತಿದ್ದವನು. ಸೇತುವೆ ಬಂದು ಲಾಂಚ್ ಹೋದ ಮೇಲೆ ಸೇತುವೆಯನ್ನೇ ಕಾಯಲು ನಿಂತಿದ್ದ.

"ಸಾಹೇಬ್ರು ಹೇಳಿದಾರನಾ?"

"ಇಲ್ಲ ಕೆರಿಯಣ್ಣ."

"ಹಂಗಾದ್ರೆ ಬೇಗ ಬಾ. ಹೇಳಿದ್ರೆ ರಿಜಿಸ್ಟರ್ ಬರೀಬೇಕು" ಎಂದು ಕೆರಿಯಪ್ಪ ಬೀಗ ತೆಗೆದ.

ಸುಮ್ಮನೆ ಕಣ್ಣಲ್ಲಿ ನೋಡಿ ಬಂದರೆ ಯಾರೂ ನಂಬುವುದಿಲ್ಲವೆಂದು ಲಿಖಿತಾ ಒಂದು ಉಪಾಯ ಹೇಳಿದ್ದಳು. ಎಳೆ ಎಳೆತಕ್ಕೆ ಹೇಗೋ ಬಿಸಿಗೂ ಹಾಗೆಯೇ. ಎಲ್ಲಿ ಬಿಸಿ ತಾಗಿಸಿದರೂ ಯಂತ್ರದಲ್ಲಿ ಆ ಜಾಗ ಏಳುತ್ತದೆ. ಹಾಗಾಗಿ ದೀಪಕ್ ಕೆರಿಯಪ್ಪನ ಚಹಾದ ಫ್ಲಾಸ್ಕು ಎತ್ತಿಕೊಂಡು ಸೇತುವೆಯ ಹೊಟ್ಟೆಗೆ ಇಳಿದ. ಒಳಗೆ ಫೋನಿಗೆ ಸಿಗ್ನಲ್ ಇಲ್ಲ. ಐದನೇ ಕಂಬದ ಕಿಂಡಿಯ ಬಾಯಲ್ಲಿ, ಹೊರಗೆ, ಕೆರಿಯಪ್ಪ ಕೂತ, ಕಿವಿಗೆ ಫೋನು, ಫೋನಿನಲ್ಲಿ ಲಿಖಿತಾ.

ಐದನೇ ಪೆಟ್ಟಿಗೆಯಿಂದ ಟೇಪು ಎಳೆದುಕೊಂಡು ದೀಪಕ್ ಹದಿನೇಳು ಮೀಟರ್ ಹೋದ. ಮೊದಲು ಏನೂ ನೋಡದೆ, ಸ್ಟೀಲ್ ಲೋಟಕ್ಕೆ ಚಹಾ ಬಗ್ಗಿಸಿ ಎಳೆಗೆ ಒತ್ತಿ ಹಿಡಿದ.

"ಎಷ್ಟಂತೆ?" ಎಂದು ಕೂಗಿದ.

"ಎಂತದು?"

"ಎಷ್ಟನೇ ಮೀಟರ್ ಅಂತೆ?"

ಕೆರಿಯಪ್ಪ ಫೋನಿನಲ್ಲಿ ಕೇಳಿ, ಕಿಂಡಿಯೊಳಗೆ ಕೂಗಿದ: "ಇನ್ನೂರ ಅರವತ್ತೆಂಟಂತೆ! ಮೊದಲಿದ್ದ ಮೊನೆ ಮೇಲೇ ಇನ್ನೊಂದು ಎದ್ದು ಕೂತ್ಕಂಡ್ತಂತೆ! ಮತ್ತೆ ತಮ್ಮಾ, ಚಾ ಚೆಲ್ಬ್ಯಾಡ, ಒಂದು ಗುಟುಕು ಇಟ್ಕಂಡು ಬಾ!"

ದೀಪಕ್ ಟಾರ್ಚು ಹಾಕಿದ. ಎಳೆಯ ಕೆಳಗೆ ನೆಲಕ್ಕೆ ಅಡ್ಡವಾಗಿ ಒಂದು ಬಿಳಿ ಗೆರೆ, ಯಾರೋ ಸುಣ್ಣದಲ್ಲಿ ದಾರ ಹಿಡಿದು ಎಳೆದಂತೆ. ಎಡಗೋಡೆಯ ಮೇಲೆ ಒಂದು ಗೇಣು ಹತ್ತಿ ನಿಂತಿತ್ತು. ಬೆರಳಾಡಿಸಿದರೆ ಗೊತ್ತಾಗದು, ಉಗುರು ಇಟ್ಟರೆ ಸಿಕ್ಕಿಕೊಳ್ಳುತ್ತಿತ್ತು. ಅಷ್ಟರಲ್ಲಿ ಮೇಲೆ ಬಸ್ಸು ಹೋಯಿತು. ತಲೆಯ ಮೇಲಿನ ಕಾಂಕ್ರೀಟು ಗುಡುಗಿತು, ಉಗುರಿನ ಕೆಳಗೆ ಆ ಗೆರೆ ಒಂದಿಷ್ಟು ಬಾಯಿ ಬಿಟ್ಟು ಮುಚ್ಚಿದಂತೆನಿಸಿತು. ನಿಜವೋ ಭಯವೋ ಅವನಿಗೆ ತಿಳಿಯಲಿಲ್ಲ. ಕೆರಿಯಪ್ಪ ಕೂಗಿ ಹೇಳಿದ: ಬಸ್ಸು ಹೋದಾಗ ಮೊನೆ ಎತ್ತರ ಆಯ್ತಂತೆ.

ಫೋಟೋ ತೆಗೆದು ಸುಂದರೇಶರಿಗೆ ಕಳಿಸಿದ. ಅವರು ಶಿವಮೊಗ್ಗದ ಮೀಟಿಂಗಿನಲ್ಲಿದ್ದರು. ಸಂಜೆಗೆ ಉತ್ತರ ಬಂತು: "ನೀರಿನ ಕಲೆ ಇರಬೇಕು. ಸೋಮವಾರ ಬಂದು ನೋಡ್ತೀನಿ. ಸಹಿ ಮರೀಬೇಡ." ಆಮೇಲೆ ಎಷ್ಟು ಸಲ ಮಾಡಿದರೂ ಫೋನ್ ಎತ್ತಲಿಲ್ಲ.

ಭಾನುವಾರ ದೀಪಕ್ ಒಂದು ಹಾಳೆ ತೆಗೆದುಕೊಂಡು ಬರೆದ. ಶಾಲೆ ಬಿಟ್ಟ ಮೇಲೆ ಅವನು ಬರೆದ ಅತಿ ಉದ್ದದ ಬರಹ ಅದು, ಆರು ಸಾಲು. ಅವ್ವ ಇಣುಕಿ, "ಯಾರಿಗಾ ಕಾಗದ? ಹುಡುಗಿಗಾ?" ಎಂದಳು.

"ಎಂಜಿನಿಯರಿಗೆ."

"ಅದಕ್ಕೇ ನಿಂಗಿನ್ನೂ ಮದ್ವೆ ಆಗ್ಲಿಲ್ಲ."

ಸೋಮವಾರ ಏಳೂವರೆಗೆ ಜಲ್ಲಿ ಲಾರಿಗಳು ಬಂದಾಗ ಸೇತುವೆಯ ಬಾಯಲ್ಲಿ ಮೂರು ಡಾಂಬರಿನ ಡ್ರಮ್ಮು ಅಡ್ಡ ನಿಂತಿದ್ದವು. ಕಾರು, ಬೈಕು, ಮಿನಿಬಸ್ಸು ಹೋಗುವಷ್ಟು ಸಂದು ಬಿಟ್ಟಿತ್ತು. ಸಂದಿಯಲ್ಲಿ ಕೆರಿಯಪ್ಪ. ಡ್ರಮ್ಮಿನ ಮುಂದೆ ದೀಪಕ್, ತನಗಿಂತ ಎರಡು ಸೈಜು ದೊಡ್ಡದಾದ ಕಂಪನಿಯ ಕಿತ್ತಳೆ ಜಾಕೆಟ್ಟಿನಲ್ಲಿ.

ಮೊದಲ ಲಾರಿಯ ಡ್ರೈವರ್ ಮಾಸ್ತಪ್ಪ ಹಾರನ್ ಮೇಲಿಂದ ಕೈ ತೆಗೆಯದೆ ತಲೆ ಹೊರಗೆ ಹಾಕಿದ. "ಏಯ್, ಇವತ್ತಿಂದ ಬಿಡ್ತಾರೆ ಅಂತ ಆರ್ಡರ್ ಆಗಿದೆ. ತೆಗಿಯಾ ಡ್ರಮ್ಮು!"

"ಆರನೇ ಅಂಕಣ ಬಿರುಕು ಬಿಟ್ಟಿದೆ. ಲೋಡ್ ಗಾಡಿ ಬಿಡಲ್ಲ."

"ಅದನ್ನ ಹೇಳಕ್ಕೆ ನೀ ಯಾರಾ? ಎಂಜಿನಿಯರಾ?"

"ಜಾಯಿಂಟ್ ಹಾಕಿದೋನು."

ಹಿಂದಿನ ಲಾರಿಯಿಂದ ಯಾರೋ ನಕ್ಕರು. "ಓ, ಫೈನಲ್ ಮ್ಯಾಚ್ ಕಟ್ ಮಾಡಿದೋನಲ್ದಾ ಇವ್ನು?"

"ಹೌದು, ಅವನೇ" ಎಂದ ದೀಪಕ್. "ಅವತ್ತು ಕತ್ತರಿಸಬಾರದ್ದನ್ನ ಕತ್ತರಿಸ್ದೆ. ಇವತ್ತು ಬಿಡಬಾರದ್ದನ್ನ ಬಿಡಲ್ಲ. ಬೇಕಾದ್ರೆ ನನ್ನ ಮೇಲೇ ಹತ್ಸಿ. ಆರನೇ ಅಂಕಣಕ್ಕಿಂತ ನಾನೇ ವಾಸಿ, ನಂಗಿನ್ನೂ ಬಿರುಕು ಬಿಟ್ಟಿಲ್ಲ."

ಕೆರಿಯಪ್ಪ ಬೀಡಿ ಬಾಯಿಂದ ತೆಗೆದ. "ಮಾಸ್ತಪ್ಪ, ಲಾಂಚಲ್ಲಿ ತೂಕ ಜಾಸ್ತಿ ಆದಾಗ ನಾನು ಸಾಹೇಬ್ರ ಜೀಪನ್ನೂ ಇಳಿಸಿದೋನು. ನಿನ್ನ ಲಾರಿ ಯಾವ ಲೆಕ್ಕ? ಎಂಜಿನ್ ಆರ್ಸು, ಡೀಸೆಲ್ ಉಳೀತದೆ."

ಮಾಸ್ತಪ್ಪ ಬೈದ. ಆದರೆ ಎಂಜಿನ್ ಆರಿಸಿದ. ಹಿಂದೆ ಹನ್ನೊಂದು ಲಾರಿ ಸಾಲುಗಟ್ಟಿದವು, ಅವುಗಳ ಹಿಂದೆ ಸುಂದರೇಶರ ಕಾರು ಸಿಕ್ಕಿಕೊಂಡಿತು. ಅವರು ಇಳಿದು ನಡೆದೇ ಬಂದರು, ಮುಖ ಕೆಂಪಗಾಗಿ.

"ಯಾರು ಕೊಟ್ಟಿದ್ದು ನಿಂಗೆ ಅಧಿಕಾರ?"

"ಯಾರೂ ಕೊಟ್ಟಿಲ್ಲ ಸಾರ್. ಇದು ನನ್ನ ಸಹಿ" ಎಂದು ದೀಪಕ್ ಜೇಬಿನಿಂದ ಹಾಳೆ ತೆಗೆದು ಕೊಟ್ಟ.

ಅದು ಅವರು ಕೊಟ್ಟ ಹಾಳೆಯಲ್ಲ. ಪ್ರತಿ ಕಂಬದ ಪೆಟ್ಟಿಗೆಯಲ್ಲಿ ಆರು ಮಾರು ಎಳೆ ಸುತ್ತಿಟ್ಟಿದ್ದೇನೆ, ಯಾರಿಗೂ ಹೇಳಿಲ್ಲ, ಅದರಿಂದ ಯಂತ್ರದ ಲೆಕ್ಕ ತಪ್ಪಿ ನೀವು ಬೇರೆ ಅಂಕಣದಲ್ಲಿ ಹುಡುಕಿದಿರಿ, ಈ ತಪ್ಪು ನನ್ನದು, ಜಾಯಿಂಟಿನಲ್ಲಿ ತಪ್ಪಿಲ್ಲ, ಬಿರುಕು ಇರುವುದು ಆರನೇ ಅಂಕಣದ ಹದಿನೇಳನೇ ಮೀಟರಿನಲ್ಲಿ ಎಂದಿತ್ತು. ಕೆಳಗೆ ದೀಪಕ್ ಜಿ. 'ಅವರು' ಎಂದು ಅವನು ಹಾಕಿಕೊಂಡಿರಲಿಲ್ಲ.

ಸುಂದರೇಶ ಎರಡು ಸಲ ಓದಿದರು. "ಮಾಡದ ತಪ್ಪು ಸಣ್ಣದಿತ್ತು ಮಾರಾಯ. ಅದನ್ನ ಬಿಟ್ಟು ದೊಡ್ಡದನ್ನ ತಂದಿದೀಯಲ್ಲ."

"ಮಾಡಿದ್ದು ಇದೇ ಸಾರ್. ಒಳಗೆ ಬನ್ನಿ. ನೋಡಿ ಬಂದು ಡ್ರಮ್ ತೆಗಿ ಅಂದ್ರೆ ನೀವೇ ತೆಗೀಬೇಕು. ನಾನು ಮುಟ್ಟಲ್ಲ."

ಸುಂದರೇಶ ಬೂಟು ಬಿಚ್ಚಿ ಕಿಂಡಿಗೆ ಇಳಿದರು. ಅರ್ಧ ಗಂಟೆ ಬರಲಿಲ್ಲ. ಲಾರಿಯವರು ಇಳಿದು ಕಟ್ಟೆಯ ಮೇಲೆ ಕೂತರು. ಎಂಟೂವರೆಯ ಮಿನಿಬಸ್ಸು ಆಚೆ ದಡದಿಂದ ಬಂದು ಸಂದಿಯಲ್ಲಿ ಹಾದುಹೋಯಿತು, ಕಿಟಕಿಯಿಂದ ವಿಶಾಲಮ್ಮ, "ತಿಂಡಿ ತಿಂದ್ಯನಾ?" ಎಂದು ಅಷ್ಟೂ ಲಾರಿಗಳ ಎದುರಿಗೆ ಕೂಗಿದಳು. ಮೇಲೆ ಬಂದಾಗ ಸುಂದರೇಶರ ಮೊಣಕಾಲಿಗೆ ಸುಣ್ಣ ಹತ್ತಿತ್ತು. ಅವರು ಯಾರನ್ನೂ ನೋಡದೆ ಫೋನ್ ಹಚ್ಚಿ, ಸೇತುವೆಗೆ ಲೋಡ್ ಗಾಡಿ ನಿಲ್ಲಿಸಿದ್ದೇನೆ ಎಂದು ಯಾರಿಗೋ ಹೇಳಿದರು. ನಿಲ್ಲಿಸಿದವರು ಅವರೇ ಎಂಬಂತೆ ಹೇಳಿದರು. ದೀಪಕ್ ತಿದ್ದಲಿಲ್ಲ. ಮಾಸ್ತಪ್ಪ ರಿವರ್ಸ್ ಹಾಕುವಾಗ ಮತ್ತೊಂದು ಸಲ ಬೈದು ಹೋದ, ಈ ಸಲ ಸ್ವಲ್ಪ ಮರ್ಯಾದೆಯಿಂದ.

ಕಂಪನಿ ದೀಪಕ್‌ಗೆ ಎಚ್ಚರಿಕೆಯ ಪತ್ರ ಕೊಟ್ಟಿತು: ಅನುಮತಿಯಿಲ್ಲದೆ ಎಳೆ ಹೆಚ್ಚಿಟ್ಟದ್ದಕ್ಕೆ ಒಂದು, ಅನುಮತಿಯಿಲ್ಲದೆ ರಸ್ತೆ ತಡೆದದ್ದಕ್ಕೆ ಒಂದು. ಕೆಲಸದಿಂದ ತೆಗೆಯಲಿಲ್ಲ. ಯಂತ್ರದ ಲೆಕ್ಕವನ್ನು ಲಿಖಿತಾ ಅವನ ತೋಳಿನ ಅಳತೆ ಹಿಡಿದು ಸರಿಪಡಿಸಿದ್ದಳಾದ್ದರಿಂದ, ತೆಗೆದರೆ ತೋಳೂ ಹೋಗುತ್ತದೆಂದು ಹೆದರಿದರೋ ಏನೋ ಎಂದು ಅವನು ಹೇಳಿಕೊಂಡು ತಿರುಗಿದ. ಪತ್ರದ ಜೊತೆಗೆ ಒಂದು ಆದೇಶವೂ ಇತ್ತು: ಹನ್ನೊಂದು ಪೆಟ್ಟಿಗೆಯ ಸುರುಳಿಗಳನ್ನೂ ಕತ್ತರಿಸಿ ತೆಗೆಯತಕ್ಕದ್ದು.

"ಕತ್ತರಿಸಲ್ಲ ಸಾರ್" ಎಂದ ದೀಪಕ್. ಒಂದು ಸಲ ಅಭ್ಯಾಸವಾದ ಬಾಯಿ. "ನೀವು ಬರ್ಕೊಳ್ಳಿ, ಸಾಕು. ಇಟ್ಟಿದ್ದು ತಪ್ಪಲ್ಲ, ಹೇಳದೆ ಇಟ್ಟಿದ್ದು ತಪ್ಪು."

ಏಪ್ರಿಲಿನಲ್ಲಿ ಆರನೇ ಅಂಕಣದ ರಿಪೇರಿಗೆ ಬಂದವರು ಬಿರುಕಿನ ಎರಡೂ ಬದಿ ಕೆತ್ತುವಾಗ ಎಳೆಯನ್ನು ತುಂಡರಿಸಿದರು. ಮತ್ತೆ ಬೆಸೆಯಲು ತುದಿ ಸಾಲಲಿಲ್ಲ. ಹೊಸ ಎಳೆಗೆ ಬರೆದು ತರಿಸಲು ಎರಡು ತಿಂಗಳು ಎಂದರು. ದೀಪಕ್ ಐದನೇ ಪೆಟ್ಟಿಗೆ ತೆರೆದು, ಸುರುಳಿಯಿಂದ ಎರಡು ಮಾರು ಕತ್ತರಿಸಿ ತಂದು ತುಂಡಾದ ಎರಡು ತುದಿಗಳ ನಡುವೆ ಬೆಸೆದ. ಸುಂದರೇಶ ನೋಡಿದರು, ನೋಡದ ಹಾಗೆ ಆಚೆ ಹೋದರು.

ಪೆಟ್ಟಿಗೆಯ ಮುಚ್ಚಳ ಹಾಕಿದ ಮೇಲೆ ದೀಪಕ್ ಜೇಬಿನಿಂದ ಮಾರ್ಕರ್ ತೆಗೆದ. ಒಳಗೆ ಉಳಿದದ್ದೆಷ್ಟೆಂದು ಮೊದಲು ಮೀಟರಿನಲ್ಲಿ ಬರೆದ, ಈಗ ಅಷ್ಟು ಕಲಿತಿದ್ದ. ಅದರ ಕೆಳಗೆ, ಯಾರೂ ಕೇಳದಿದ್ದರೂ, ದಪ್ಪ ಅಕ್ಷರದಲ್ಲಿ 'ನಾಲ್ಕು ಮಾರು' ಎಂದು ಬರೆದ. ಅದರ ಕೆಳಗೆ ಸಹಿ ಹಾಕಿದ.